ಗೋಡೆಯಿಂದ ಇಳಿಯದ ಚಿತ್ರ

ನಮ್ಮ ಊರಿನಲ್ಲಿ ಬಾಡಿಗೆಗೆ ಮನೆ ನೋಡಲು ಬಂದವರು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು ಎದುರು ಗೋಡೆಯ ಮೇಲೆ ಯಾವ ಚಿತ್ರ ಓಡುತ್ತಿದೆ ಎಂದು. ಬೇರೆ ಊರುಗಳ ಥಿಯೇಟರುಗಳಲ್ಲಿ ಒಂದು ವಾರವೂ ನಿಲ್ಲದೆ ನೆಲಕಚ್ಚಿದ ಚಿತ್ರ ಇಲ್ಲಿಗೆ ಬಂದು ಯಾವುದಾದರೊಂದು ಗೋಡೆ ಹಿಡಿಯುತ್ತದೆ. ಹಿಡಿದ ಮೇಲೆ ಹಗಲೂ ರಾತ್ರಿ ಓಡುತ್ತದೆ. ಬಿಸಿಲಿನಲ್ಲಿ ಸ್ವಲ್ಪ ಮಂಕಾಗಿ, ಕತ್ತಲಲ್ಲಿ ಕಣ್ಣು ಕುಕ್ಕುವ ಹಾಗೆ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ನಟನಟಿಯರ ಹೆಸರು ಬೀಳಲು ಶುರುವಾಗುತ್ತದೆ. ಹಾಗೆ ಹೆಸರು ಬೀಳುವಲ್ಲಿಂದ ಕೂತು ನೋಡಿದವರಲ್ಲಿ ಒಬ್ಬರಿಗಾದರೂ ಅದು ನಿಜವಾಗಿ ಮನಸ್ಸಿಗೆ ಹಿಡಿಸಿದರೆ, ಹಿಡಿಸಿದ ಆ ಗಳಿಗೆಯಲ್ಲೇ ಗೋಡೆ ಬಿಟ್ಟು ಹೋಗುತ್ತದೆ. ಹಿಡಿಸಿತು ಎಂದು ಬಾಯಲ್ಲಿ ಹೇಳಿದರೆ ಗೋಡೆ ಕೇಳುವುದಿಲ್ಲ. ಹಿಡಿಸುವಂಥದ್ದಾಗಿದ್ದರೆ ಇಲ್ಲಿಗೇಕೆ ಬರುತ್ತಿತ್ತು ಎಂಬುದು ನಮ್ಮವರ ವಾದ. ಹಾಗಾಗಿ ಯಾರೂ ಕೂರುವುದಿಲ್ಲ, ಯಾವುದೂ ಹೋಗುವುದಿಲ್ಲ.

ಪ್ರಾಥಮಿಕ ಶಾಲೆಯ ಹಿಂಗೋಡೆಯ ಮೇಲೆ ಒಂದು ದೆವ್ವದ ಚಿತ್ರವಿದೆ. ದೆವ್ವದ ಬಿಳಿ ಸೀರೆಗೆ ಹಾಕಿದ ಪಿನ್ನು ಎಲ್ಲರಿಗೂ ಕಾಣುತ್ತದೆ. ಮಕ್ಕಳು ಅದಕ್ಕೆ ಬೆನ್ನು ಹಾಕಿ ಮಗ್ಗಿ ಹೇಳುತ್ತಾರೆ. ದೆವ್ವ ಕಿರುಚಿದಾಗ ಮೇಷ್ಟ್ರು ಒಂದು ಕ್ಷಣ ನಿಂತು, ಅದು ಮುಗಿದ ಮೇಲೆ ಮುಂದಿನ ಮಗ್ಗಿ ಕೇಳುತ್ತಾರೆ. ಪಶು ಆಸ್ಪತ್ರೆಯ ಗೋಡೆಯಲ್ಲಿ ಅಣ್ಣತಮ್ಮಂದಿರು ಒಂದೇ ಕತ್ತಿ ಹಿಡಿದು ಶಪಥ ಮಾಡುತ್ತಿರುತ್ತಾರೆ, ಎದುರಿಗೆ ಎಮ್ಮೆಗಳು ಮೆಲುಕು ಹಾಕುತ್ತಿರುತ್ತವೆ. ಸಹಕಾರ ಸಂಘದ ಗೋಡೆಯಲ್ಲಿ ದೇವರು ಗುಡುಗಿನೊಂದಿಗೆ ಪ್ರತ್ಯಕ್ಷನಾದರೂ ಸೀಮೆಎಣ್ಣೆಯ ಸಾಲಿನಲ್ಲಿ ನಿಂತವರು ತಲೆ ಎತ್ತುವುದಿಲ್ಲ. ಇಷ್ಟೊಂದು ಸೋಲನ್ನು ದಿನವೂ ನೋಡುವ ಜನಕ್ಕೆ ಕನಿಕರ ಬಂದಿರಬೇಕು ಎಂದು ಹೊರಗಿನವರು ಅಂದುಕೊಳ್ಳುವುದುಂಟು. ಬಂದಿರುವುದು ತಾತ್ಸಾರ. ನಮ್ಮೂರಿನವರಷ್ಟು ಸೊಗಸಾಗಿ ತುಟಿ ಕೊಂಕಿಸಲು ಬರುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಮದುವೆಯ ಊಟವನ್ನೂ ಹಾಗೇ ಉಣ್ಣುತ್ತಾರೆ, ಹೆಣವನ್ನೂ ಹಾಗೇ ನೋಡಿ ಬರುತ್ತಾರೆ.

ನಮ್ಮ ಮನೆಯ ಎದುರಿಗೆ ಅಕ್ಕಿ ಗಿರಣಿಯ ಉಗ್ರಾಣದ ಉದ್ದನೆಯ ಗೋಡೆ. ಅದರ ಮೇಲೆ ಓಡುತ್ತಿದ್ದದ್ದು ‘ಸಿಂಧೂರ ಸಿಡಿಲು’. ಅದರ ನಾಯಕಿ ನನ್ನ ಸೋದರತ್ತೆ, ಇಂದುಮತಿ.

ಅತ್ತೆ ಮಾಡಿದ್ದು ಅದೊಂದೇ ಚಿತ್ರ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹೋದಳು, ಇಪ್ಪತ್ತಕ್ಕೆ ವಾಪಸು ಬಂದಳು, ಅವಳ ಹಿಂದೆಯೇ ಚಿತ್ರವೂ ಬಂತು. ಊರಿನಲ್ಲಿ ಅಷ್ಟು ಗೋಡೆಗಳಿರುವಾಗ ಅವಳ ಬಾಗಿಲಿನ ಎದುರಿಗೇ ಯಾಕೆ ಬಂತು ಎಂದು ಕೇಳುವುದು ನಮ್ಮಲ್ಲಿ ಪದ್ಧತಿಯಲ್ಲ. ಅತ್ತೆ ಹೊಲಿಗೆ ಕಲಿತು ಜಗಲಿಯ ಮೇಲೆ ಮಿಷನ್ನು ಹಾಕಿದಳು. ರವಿಕೆ ಅಳತೆ ಕೊಡಲು ಬಂದ ಹೆಂಗಸರು ಕೈ ಎತ್ತಿ ನಿಂತು, ಅವಳ ತಲೆಯ ಮೇಲಿಂದ ಗೋಡೆ ನೋಡಿ, ಕಿಸಕ್ಕೆಂದು ನಗುತ್ತಿದ್ದರು. ಆಗ ಅತ್ತೆ ಟೇಪನ್ನು ಸ್ವಲ್ಪ ಬಿಗಿಯಾಗಿ ಎಳೆಯುತ್ತಿದ್ದಳು. ಅಷ್ಟೇ ಅವಳ ಪ್ರತೀಕಾರ. ಅವಳು ಅಂಗಡಿಗೆ ಹೋದರೆ ಹುಡುಗರು ಮೂಗಿನಲ್ಲಿ “ಸ್ವಾಮೀ, ನನ್ನ ಸಿಂಧೂರಾನ ಕಾಪಾಡಿ” ಎನ್ನುತ್ತಿದ್ದರು. ಆ ಹುಡುಗರು ಬೆಳೆದು ಅವರ ಮಕ್ಕಳು ಅದನ್ನೇ ಅಂದರು.

ಆ ಮೂಗಿನ ದನಿ ಅತ್ತೆಯದಲ್ಲ. ಅವಳದು ದಪ್ಪ ದನಿ, ಮಾತಾಡಿದರೆ ಪಾತ್ರೆ ಉರುಳಿಸಿದ ಹಾಗಿರುತ್ತದೆ. ನಾಯಕಿಗೆ ಇದು ಒಪ್ಪುವುದಿಲ್ಲವೆಂದು ಆ ನಿರ್ದೇಶಕ ಮಹಾಶಯ ಬೇರೆ ಯಾರಿಂದಲೋ ಡಬ್ಬಿಂಗ್ ಮಾಡಿಸಿದ್ದ. ಯಾರೆಂದು ಅತ್ತೆಗೂ ಗೊತ್ತಿಲ್ಲ. ಚಿತ್ರ ಇಲ್ಲಿ ಗೋಡೆಯ ಮೇಲೆ ಬಂದ ದಿನವೇ ತನ್ನ ಬಾಯಿಂದ ಆ ದನಿ ಹೊರಟದ್ದನ್ನು ಅವಳು ಮೊದಲು ಕೇಳಿದ್ದು.

ನಾನು ಕಾಲೇಜು ಓದಲು ಅವಳ ಮನೆಗೆ ಬಂದವಳು ಅಲ್ಲೇ ಉಳಿದೆ. ಈಗ ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ‘ಸಿಂಧೂರ ಸಿಡಿಲಿ’ನ ಒಂದೊಂದು ಚೂರೂ ನನಗೆ ಗೊತ್ತಿತ್ತು. ತಲೆ ಬಾಚುವಾಗ ಒಂದು ಚೂರು, ಬಟ್ಟೆ ಒಣಹಾಕುವಾಗ ಇನ್ನೊಂದು. ಆದರೆ ಹೆಸರು ಬೀಳುವಲ್ಲಿಂದ ಕೂತು ನೋಡಿದವಳಲ್ಲ. ಸಮಯವಿರಲಿಲ್ಲ ಎಂದರೆ ಸುಳ್ಳಾದೀತು. ನಾನು ಕೂತೆ ಎಂದಿಟ್ಟುಕೊಳ್ಳಿ, ಕೊನೆಯವರೆಗೂ ನೋಡಿದೆ, ಆಮೇಲೂ ಅದು ಗೋಡೆಯ ಮೇಲೆ ಹಾಗೇ ಇತ್ತು. ಆಗ ನಾನು ಅತ್ತೆಯ ಮುಖವನ್ನು ಹೇಗೆ ನೋಡುವುದು? ಬೇರೆ ಊರುಗಳಲ್ಲಿ ಚೆನ್ನಾಗಿತ್ತು ಎಂದು ಹೇಳಿ ಎದ್ದುಬಿಡಬಹುದು. ಇಲ್ಲಿ ಗೋಡೆ ಇರುತ್ತದೆ. ಅವಳೂ ಒಂದು ದಿನವೂ ನೋಡು ಎಂದು ಕೇಳಲಿಲ್ಲ. ಇಬ್ಬರೂ ಆ ವಿಷಯಕ್ಕೆ ಪರದೆ ಎಳೆದು, ಸಾರಿಗೆ ಉಪ್ಪು ಸಾಕೋ ಸಾಲದೋ ಎಂದು ಮಾತಾಡಿಕೊಂಡಿದ್ದೆವು.

ಇನ್ನು ನಮ್ಮೂರಿನ ಮರುವಿಮರ್ಶಾ ಮಂಡಳಿಯ ವಿಷಯ. ಸೋತ ಚಿತ್ರಗಳನ್ನು ಮತ್ತೆ ನೋಡಿ, ಅವುಗಳಿಗೆ ಆದ ಅನ್ಯಾಯವನ್ನು ಸರಿಪಡಿಸುವುದು ಅದರ ಉದ್ದೇಶ. ಅಧ್ಯಕ್ಷರು ನಿವೃತ್ತ ಪ್ರಾಂಶುಪಾಲ ಶ್ರೀಕಂಠಸ್ವಾಮಿ. ಶಾಲು ಹೊದೆಯದೆ ಬಚ್ಚಲಿಗೂ ಹೋಗದವರು. ನನ್ನ ಭಾಷೆ ಶುದ್ಧವಾಗಿದೆ ಎಂಬ ಕಾರಣಕ್ಕೆ ಅವರ ಕರಪತ್ರಗಳನ್ನು ತಿದ್ದುವ ಕೆಲಸ ನನ್ನ ತಲೆಗೆ ಬಂದಿತ್ತು. ಮಂಡಳಿಯವರು ಚಿತ್ರ ನೋಡುವ ರೀತಿಯೇ ಬೇರೆ. ಗೋಡೆಗಿಂತ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು ಹೆಚ್ಚು. ಒಬ್ಬರು ತಲೆದೂಗಿದರೆ ಉಳಿದವರೂ ತಡಮಾಡದೆ ದೂಗುತ್ತಾರೆ. ಕ್ಯಾಮೆರಾ ಅಲುಗಿದ್ದರೆ ಅದು ಕಾಲದ ತಲ್ಲಣ. ದೀಪ ಸಾಲದೆ ಮುಖ ಕಾಣದಿದ್ದರೆ ಅದು ಅಸ್ತಿತ್ವದ ಕತ್ತಲು. ಎಲ್ಲ ಚಿತ್ರಗಳೂ ತಮ್ಮ ಕಾಲಕ್ಕಿಂತ ಮುಂದಿದ್ದವು ಎಂಬುದು ಅವರ ಸಾಮಾನ್ಯ ತೀರ್ಪು. ಇಷ್ಟೊಂದು ಚಿತ್ರಗಳು ಮುಂದೆ ಹೋಗಿಬಿಟ್ಟರೆ ಪಾಪ ಕಾಲ ಒಂದೇ ಹಿಂದೆ ಕೂತು ಏನು ಮಾಡಬೇಕೋ. ಮಂಡಳಿ ಹೊಗಳಿದ ಒಂದು ಚಿತ್ರವೂ ಗೋಡೆ ಬಿಟ್ಟದ್ದಿಲ್ಲ. ಒಮ್ಮೆ ಮಾತ್ರ ಬಸ್ ನಿಲ್ದಾಣದ ಗೋಡೆ ಖಾಲಿಯಾಯಿತು. ಮಗಳಿಗೆ ಗಂಡು ನೋಡಲು ಬಂದಿದ್ದ ಬೇರೆ ಊರಿನವರೊಬ್ಬರು ಬಸ್ಸು ತಪ್ಪಿ, ಬೆಂಚಿನ ಮೇಲೆ ಕೂತು, ನೋಡುತ್ತಾ ನೋಡುತ್ತಾ ಅತ್ತುಬಿಟ್ಟಿದ್ದರಂತೆ. ಮಂಡಳಿ ಅಲ್ಲೊಂದು ಕಲ್ಲು ನೆಡಿಸಿತು, ಕಲ್ಲಿನ ಮೇಲೆ ಶ್ರೀಕಂಠಸ್ವಾಮಿಗಳ ಹೆಸರು ಕೆತ್ತಿಸಿತು.

ಈಚೆಗೆ ಚಿತ್ರಗಳು ಸೋಲುವ ವೇಗ ಹೆಚ್ಚಾಗಿ ಊರಿನಲ್ಲಿ ಗೋಡೆಗಳು ಸಾಲದಾದವು. ಗೋಡೆ ಸಿಗದ ಒಂದು ಚಿತ್ರ ಪೋಸ್ಟ್‌ಮಾಸ್ತರರು ಒಣಹಾಕಿದ ಪಂಚೆ ಹಿಡಿಯಿತು. ಅವರು ಅದನ್ನೇ ಉಟ್ಟು ಕೆಲಸಕ್ಕೆ ಹೋದರು, ಮೊಣಕಾಲಿನ ಹತ್ತಿರ ಹೊಡೆದಾಟ ನಡೆಯುತ್ತಿತ್ತು. ಪುರಸಭೆ ಸಭೆ ಸೇರಿ, ಹಳೆಯ ಚಿತ್ರಗಳಿರುವ ಗೋಡೆಗಳಿಗೆಲ್ಲ ಟಾರು ಬಳಿದು, ಅದರ ಮೇಲೆ ಸುಣ್ಣ ಹೊಡೆದು, ಹೊಸಬರಿಗೆ ಜಾಗ ಮಾಡಿಕೊಡುವುದೆಂದು ತೀರ್ಮಾನಿಸಿತು. ಟಾರು ಬಳಿದರೆ ಚಿತ್ರ ಸಾಯುತ್ತದೆ, ಆದರೆ ಸದ್ದು ಸಾಯುವುದಿಲ್ಲ. ಸಂತೆ ಮೈದಾನದ ಒಂದು ಗೋಡೆಯಲ್ಲಿ ಇದನ್ನು ಮಾಡಿ ನೋಡಿದ್ದರು. ಅಲ್ಲಿ ಈಗಲೂ ಕರೀ ಗೋಡೆಯ ಒಳಗಿನಿಂದ ಯಾರದೋ ತಾಯಿ ಮಗನನ್ನು ಕರೆಯುತ್ತಾಳೆ. ಈ ಬಗ್ಗೆ ಕೇಳಿದವರಿಗೆ ಪುರಸಭೆಯ ಅಧ್ಯಕ್ಷರು, ರೇಡಿಯೋ ಅಂದುಕೊಳ್ಳಿ ಎಂದರಂತೆ. ಟಾರು ಬಳಿಯುವ ಮೊದಲ ಸುತ್ತಿನಲ್ಲೇ ನಮ್ಮ ಎದುರು ಗೋಡೆಯೂ ಸೇರಿತ್ತು.

ಆ ಸುದ್ದಿ ತಂದದ್ದು ನಾನೇ. ಊರೆಲ್ಲ ಕೀಟಲೆ ಮಾಡುವ ಚಿತ್ರ ಕಣ್ಣಿಂದ ಮರೆಯಾದರೆ ಅತ್ತೆಗೆ ನೆಮ್ಮದಿಯಾದೀತು ಎಂದು ನನಗೆ ಎಲ್ಲೋ ಒಂದು ಆಸೆಯಿತ್ತು. ಅತ್ತೆ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಗೋಡೆಯ ಮೇಲೆ ಅವಳು ಬೆಟ್ಟದ ಮೆಟ್ಟಿಲಿಳಿಯುತ್ತಾ ಹಾಡುತ್ತಿದ್ದಳು, ತೆಳ್ಳಗೆ, ಎರಡು ಜಡೆ ಹಾಕಿಕೊಂಡು.

“ನನ್ನ ಮುಖ ಹೋಗುತ್ತೆ, ಆ ಪುಣ್ಯಾತ್‌ಗಿತ್ತಿ ಗಂಟಲು ಉಳ್ಕೊಳ್ಳುತ್ತೆ,” ಎಂದಳು. “ನಾನು ಸತ್ತ ಮೇಲೂ ನನ್ನ ಬಾಗಿಲಲ್ಲಿ ಅವಳು ಕೂಗ್ತಾ ಇರ್ತಾಳೆ. ಎಂಥ ನ್ಯಾಯ ಕಣೇ ಸುಚೀ ಇದು.”

ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಟಾರಿನವರು ಬರುವುದರೊಳಗೆ ಯಾರಾದರೂ ಒಬ್ಬರು ನೋಡಿ, ಹಿಡಿಸಿ, ಮುಖ ಮತ್ತು ದನಿ ಎರಡೂ ಒಟ್ಟಿಗೆ ಮರ್ಯಾದೆಯಿಂದ ಗೋಡೆ ಇಳಿಯಬೇಕು. ನನ್ನನ್ನು ಆಗಲೂ ಕೇಳಲಿಲ್ಲ. ಮಂಡಳಿಗೆ ಹೇಳು ಎಂದಳು. ಅದರ ಬಗ್ಗೆ ನನಗಿಂತ ಹೆಚ್ಚು ನಕ್ಕವಳು ಅವಳೇ.

ಶ್ರೀಕಂಠಸ್ವಾಮಿಗಳು ಉಬ್ಬಿದರು. ಟಾರು ಬಳಿಯುವ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಬೀದಿಗೆ ಶಾಮಿಯಾನ ಹಾಕಿಸಿ ಕುರ್ಚಿ ಇಡಿಸಿದರು. ಅತ್ತೆ ಮದುವೆಮನೆಗೂ ಉಡದ ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ಊರಿನವರು ಹೊರಗೆ ಕಡಲೆಕಾಯಿ ಸುಲಿಯುತ್ತಾ ನಿಂತರು, ಚಿತ್ರ ನೋಡುವುದಕ್ಕಲ್ಲ, ಅತ್ತೆಯನ್ನು ನೋಡುವುದಕ್ಕೆ. ಉಪ್ಪಿಟ್ಟು, ಕಾಫಿಯ ಏರ್ಪಾಡು ನನ್ನದಾದ್ದರಿಂದ ನಾನು ಒಳಗೂ ಹೊರಗೂ ಓಡಾಡಿಕೊಂಡು, ಎಂದಿನಂತೆ ಚೂರು ಚೂರಾಗಿ ನೋಡಿದೆ. ಹೆಸರು ಬೀಳುವಲ್ಲಿಂದ ಶುರುಮಾಡಿ ಮಂಡಳಿಯವರು ಕೊನೆಯವರೆಗೂ ಕೂತರು, ಅದನ್ನು ಒಪ್ಪಲೇಬೇಕು. ಆಮೇಲೆ ಅಧ್ಯಕ್ಷರು ಎದ್ದು ಮೈಕು ಹಿಡಿದರು. ನಾಯಕಿಯ ಮುಖದಲ್ಲಿ ಯಾವ ಭಾವವೂ ಕಾಣಿಸದಿರುವುದು ಅಂದಿನ ಕಣ್ಣೀರಿನ ಪರಂಪರೆಗೆ ನಿರ್ದೇಶಕರು ತೋರಿದ ಪ್ರಜ್ಞಾಪೂರ್ವಕ ಪ್ರತಿರೋಧ ಎಂದರು. ನಾಯಕನ ಟೋಪನ್ ಕೂದಲು ಗಾಳಿಗೆ ಎದ್ದು ಮತ್ತೆ ತಲೆಯ ಮೇಲೆ ಕೂತದ್ದು ಪುರುಷ ಪ್ರಧಾನ ವ್ಯವಸ್ಥೆಯ ಅಸ್ಥಿರತೆಯ ರೂಪಕವಂತೆ. ಸದಸ್ಯರು ಚಪ್ಪಾಳೆ ತಟ್ಟಿದರು. ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಚಿತ್ರ ಇನ್ನೊಮ್ಮೆ ಶುರುವಾಗಿ, ನಾಯಕಿ ಕೊಡ ಹಿಡಿದು ನೀರಿಗೆ ಹೊರಟಳು.

ಇನ್ನೂ ಸ್ವಲ್ಪ ಕಾಯೋಣ ಎಂದರು ಒಬ್ಬರು. ಕಾದರು. ಅಷ್ಟರಲ್ಲಿ ಅಧ್ಯಕ್ಷರಿಗೆ ಊಟದ ಹೊತ್ತಾಯಿತು. ಬೀದಿಯಲ್ಲಿ ಕಡಲೆಕಾಯಿ ಸುಲಿಯುವ ಸದ್ದಿನಿಂದ ಏಕಾಗ್ರತೆ ಕೆಟ್ಟಿತೆಂದೂ, ಗೋಡೆಗೂ ಒಂದು ಸಂಸ್ಕಾರ ಬೇಕೆಂದೂ ಹೇಳಿ, ಅತ್ತೆಗೆ ಕೈ ಮುಗಿದು ಹೊರಟರು. ಶಾಮಿಯಾನದವರು ಅತ್ತೆ ಕೂತಿದ್ದ ಕುರ್ಚಿಯನ್ನೂ ಕೇಳಿದರು, ಅವಳು ಎದ್ದು ಕೊಟ್ಟಳು. ಗೋಡೆಯ ಬುಡಕ್ಕೆ ಟಾರಿನ ಡ್ರಮ್ಮು ಆಗಲೇ ಬಂದು ನಿಂತಿತ್ತು.

ಮಧ್ಯಾಹ್ನ ಬೀದಿಯಲ್ಲಿ ಯಾರೂ ಇರಲಿಲ್ಲ. ಅತ್ತೆ ಸೀರೆ ಬದಲಾಯಿಸದೆ ಜಗಲಿಗೆ ಬಂದು ಯಾರದೋ ರವಿಕೆಗೆ ಹುಕ್ಕು ಹಾಕುತ್ತಾ ಕೂತಳು. ಎದುರಿಗೆ ಚಿತ್ರ ಮುಗಿಯುತ್ತಾ ಬಂದಿತ್ತು. ನಾನು ಒಳಗಿನಿಂದ ಮಣೆ ತಂದು ಅವಳ ಪಕ್ಕದಲ್ಲಿ ಹಾಕಿದೆ. ಅವಳು ತಲೆ ಎತ್ತಲಿಲ್ಲ.

“ನೀನು ಬೇಡ,” ಎಂದಳು. “ಅವ್ರಿಗೆ ಹಿಡಿಸ್ಲಿಲ್ಲಾಂದ್ರೆ ಬೈಕೊಂಡು ಸುಮ್ಮನಿರಬಹುದು.”

ನಾನು ಕೂತೆ. ಧೈರ್ಯ ಬಂದಿತ್ತು ಎಂದಲ್ಲ. ಮಾರನೆಯ ದಿನದಿಂದ ಆ ಮೂಗಿನ ದನಿಯನ್ನು ಅವಳ ಜತೆ ಕೂತು ಕೇಳಬೇಕಾದವಳು ನಾನೇ, ಅದು ಇದಕ್ಕಿಂತ ಹೆಚ್ಚಿನ ಹೆದರಿಕೆಯಾಗಿತ್ತು. ಹೆಸರು ಬಿತ್ತು. ನಿರ್ದೇಶಕನ ಹೆಸರು ಸಿಡಿಲಿನೊಂದಿಗೆ ಬಂತು.

ಅದು ಒಳ್ಳೆಯ ಚಿತ್ರವಲ್ಲ. ಇದನ್ನು ಇಲ್ಲೇ ಹೇಳಿಬಿಡುವುದು ವಾಸಿ. ಹಳ್ಳಿಯ ಹುಡುಗಿ ಗೌರಿ, ಅವಳನ್ನು ಮದುವೆಯಾಗಿ ಮೂರನೆಯ ದಿನ ಯುದ್ಧಕ್ಕೆ ಹೋಗುವ ಗಂಡ, ಅವಳ ಮೇಲೆ ಕಣ್ಣಿಟ್ಟ ಶಾನುಭೋಗ. ಗಂಡನ ಪಾತ್ರ ಮಾಡಿದವನು ಕನ್ನಡ ವಾಕ್ಯದ ಮಧ್ಯೆ ಉಸಿರು ಎಳೆದುಕೊಳ್ಳುವ ಜಾಗ ಎಲ್ಲೆಂದು ತಿಳಿಯದೆ ಕ್ರಿಯಾಪದಕ್ಕೆ ಮುಂಚೆ ಎಳೆದುಕೊಳ್ಳುತ್ತಿದ್ದ. ನಾನು ಅದನ್ನು ಹೇಳಿದೆ. ಅತ್ತೆ ಹುಕ್ಕು ಹಾಕುತ್ತಲೇ, ಅವನಿಗೆ ಡೈಲಾಗನ್ನು ಸ್ಲೇಟಿನ ಮೇಲೆ ಬರೆದು ಹಿಡಿಯುತ್ತಿದ್ದರು, ಅದಕ್ಕೇ ಅವನು ನನ್ನ ಮುಖ ನೋಡದೆ ನನ್ನ ಕಿವಿ ನೋಡುತ್ತಾನೆ ನೋಡು ಎಂದಳು. ನೋಡಿದೆ, ನಿಜವಾಗಿಯೂ ಕಿವಿಯನ್ನೇ ನೋಡುತ್ತಿದ್ದ. ಅತ್ತೆ ಹೇಳಿದ ಪ್ರಕಾರ ಯುದ್ಧರಂಗ ಒಂದು ಕಲ್ಲುಗಣಿ. ಶತ್ರು ಸೈನಿಕರಾಗಿ ಬಂದವರೇ ಮಧ್ಯಾಹ್ನದ ಮೇಲೆ ಪೇಟ ಬದಲಾಯಿಸಿ ನಮ್ಮ ಸೈನಿಕರಾಗಿ ಬಂದು, ತಮ್ಮನ್ನು ತಾವೇ ಕೊಂದರಂತೆ. ಶಾನುಭೋಗ ನಕ್ಕಾಗಲೆಲ್ಲ ಆಕಾಶ ಗುಡುಗುತ್ತಿತ್ತು. ಇಷ್ಟು ಗುಡುಗಿದ ಮೇಲೆ ಆ ಊರಿಗೆ ಒಂದು ಹನಿ ಮಳೆಯಾದರೂ ಬರಬೇಡವೇ ಎಂದೆ. ಅತ್ತೆ ಸೂಜಿ ಕೆಳಗಿಟ್ಟು ನಕ್ಕಳು. ಅಷ್ಟು ವರ್ಷ ಅದೇ ಗೋಡೆಯ ಎದುರಿಗಿದ್ದೂ ನಾವಿಬ್ಬರೂ ಅದನ್ನು ಒಟ್ಟಿಗೆ ಬೈದಿರಲಿಲ್ಲ. ಬೈಯುವುದರಲ್ಲಿ ಇಷ್ಟು ಸುಖವಿದೆಯೆಂದು ಗೊತ್ತಿದ್ದರೆ ಮೊದಲೇ ಬೈಯಬಹುದಿತ್ತು. ಅವಳ ನಟನೆಯನ್ನೂ ಬಿಡಲಿಲ್ಲ. ಅಳುವಾಗ ಯಾಕೆ ಅತ್ತೆ ಆ ಥರ ಹುಬ್ಬು ಎತ್ತುತ್ತೀಯ ಎಂದರೆ, ಗ್ಲಿಸರಿನ್ ಕಣ್ಣಿಗೆ ಹೋದರೆ ನೀನು ಹುಬ್ಬಲ್ಲ, ಕಾಲೂ ಎತ್ತುತ್ತೀಯ ಎಂದಳು.

ಕೊನೆಗೆ ಆ ರಾತ್ರಿಯ ದೃಶ್ಯ ಬಂತು. ಗಂಡ ಸತ್ತನೋ ಇದ್ದಾನೋ ತಿಳಿಯದು. ಗೌರಿಯ ಅತ್ತೆಮಾವಂದಿರು ಊರಲ್ಲಿಲ್ಲ. ಗೌರಿ ಒಬ್ಬಳೇ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ದೀಪ ಸಣ್ಣಗೆ ಮಾಡುತ್ತಾಳೆ. ಹೊರಗೆ ಶಾನುಭೋಗ, ಗಂಡನ ದನಿ ಅನುಕರಿಸಿ ಕರೆಯುತ್ತಾನೆ. ಗೌರೀ, ನಾನು ಬಂದಿದ್ದೀನಿ, ಬಾಗಿಲು ತೆಗಿ. ಅನುಕರಣೆ ಎಷ್ಟು ಕೆಟ್ಟದಾಗಿದೆಯೆಂದರೆ ತೊಟ್ಟಿಲ ಮಗುವಿಗೂ ಗೊತ್ತಾಗಬೇಕು. ಗೌರಿ ಏಳುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ, ಬಾಗಿಲ ಹತ್ತಿರ ಹೋಗುತ್ತಾಳೆ. ಈ ಚೂರನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೆ. ಅವಳು ಬಾಗಿಲು ತೆಗೆಯುತ್ತಾಳೆಂದು ಗೊತ್ತಿತ್ತು. ಆಮೇಲೆ ಏನಾಗುತ್ತದೆಂದೂ, ಕೊನೆಗೆ ಬಾವಿಯ ಕಟ್ಟೆಯ ಮೇಲೆ ಒಂಟಿ ಬಳೆಯನ್ನು ತೋರಿಸುತ್ತಾರೆಂದೂ ಗೊತ್ತಿತ್ತು. ಆದರೆ ಅವಳು ಮದುವೆಯ ದಿನ ಹೊಸಿಲಲ್ಲಿ ಎಡವಿದ್ದನ್ನೂ, ಗಂಡ ಹೋದ ಮೇಲೆ ಅವನ ಚಪ್ಪಲಿಗಳನ್ನು ಒಳಗೆ ತಂದಿಟ್ಟದ್ದನ್ನೂ ನೋಡಿ ಬಂದ ಕಣ್ಣಿನಿಂದ ಈ ಬಾಗಿಲನ್ನು ನಾನು ನೋಡಿರಲಿಲ್ಲ. ಯಾರಾದರೂ ಕದ ತಟ್ಟಿದರೆ ಕಿಟಕಿಯಿಂದ ನೋಡಿ, ಹೆಸರು ಕೇಳಿ, ಇನ್ನೊಮ್ಮೆ ನೋಡಿ ತೆಗೆಯುವವಳು ನಾನು. ಇವಳು ಒಂದು ಮಾತು ಕೇಳಬಾರದೇ? ಕಿಟಕಿ ಅಲ್ಲೇ ಇದೆ. ಗೌರಿ ಚಿಲಕಕ್ಕೆ ಕೈ ಹಾಕಿದಳು.

“ತೆಗೀಬೇಡ ಕಣೇ, ದಡ್ಡಿ,” ಎಂದೆ. “ಅವನಲ್ಲ ಅದು. ಕಿಟಕೀಲಿ ನೋಡು.”

ಹೇಳುವಾಗ ಮಣೆಯಿಂದ ಅರ್ಧ ಎದ್ದಿದ್ದೆ. ಎದುರಿಗೆ ಇಳಿಬಿಸಿಲು, ಉಗ್ರಾಣದ ಬರೀ ಗೋಡೆ. ಅಲ್ಲಲ್ಲಿ ಸುಣ್ಣ ಉದುರಿ ಇಟ್ಟಿಗೆ ಕಾಣುತ್ತಿತ್ತು. ಮೂಗಿನ ದನಿಯೂ ಇಲ್ಲ, ಗುಡುಗೂ ಇಲ್ಲ. ನಮ್ಮ ಬೀದಿಯಲ್ಲಿ ನಾನು ಮೊದಲ ಸಲ ಅಕ್ಕಿ ಗಿರಣಿಯ ಸದ್ದು ಕೇಳಿದೆ.

ಅತ್ತೆ ಅಳುತ್ತಾಳೆಂದು ಹೆದರಿ ನಾನು ಅವಳ ಕಡೆ ತಿರುಗಲಿಲ್ಲ.

“ಯಾರನ್ನ ದಡ್ಡಿ ಅಂದೆ?” ಎಂದಳು.

“ಗೌರೀನ.”

“ನನ್ನಲ್ಲ?”

“ನಿನ್ನ ಯಾಕೆ ಅನ್ನಲಿ ಅತ್ತೆ? ನೀನು ಇಲ್ಲೇ ಕೂತಿದ್ದೀಯಲ್ಲ.”

ಅವಳು ಕೆಳಗಿಟ್ಟ ಸೂಜಿಯನ್ನು ಹುಡುಕಿ, ದಾರ ಪೋಣಿಸಲು ನೋಡಿದಳು. ಎರಡು ಸಲ ತಪ್ಪಿತು. ನನ್ನ ಕೈಗೆ ಕೊಟ್ಟಳು. ನಾನು ಪೋಣಿಸಿ ಕೊಟ್ಟೆ.

ಮಾರನೆಯ ದಿನ ಟಾರಿನವರು ಬಂದು, ಖಾಲಿ ಗೋಡೆಗೆ ಬಳಿಯುವುದೋ ಬಿಡುವುದೋ ತಿಳಿಯದೆ ಡ್ರಮ್ಮಿನ ಮೇಲೆ ಕೂತು ಬೀಡಿ ಸೇದಿದರು. ಸುದ್ದಿ ಹಬ್ಬಿ ಊರಿನವರು ಬಂದರು. ಹೋಗಬೇಕಾದದ್ದೇ, ಹಳೇ ಚಿತ್ರ, ಬಣ್ಣ ಮಾಸಿತ್ತು ಎಂದರು. ಅತ್ತೆಯನ್ನು ನೋಡಿ ಹೇಳಲು ಬೇರೇನೂ ಸಿಗದೆ ಹೋದರು. ಅವರ ಹಿಂದೆಯೇ ಶಾಲು ಹೊದ್ದು ಶ್ರೀಕಂಠಸ್ವಾಮಿಗಳು, ಇಬ್ಬರು ಸದಸ್ಯರು. ಮಂಡಳಿಯ ತೀರ್ಪು ಗೋಡೆಗೆ ಇಳಿಯಲು ಕೆಲವು ಗಂಟೆ ಹಿಡಿಯಿತು, ಕಲ್ಲು ಎಲ್ಲಿ ನೆಡುವುದು ಎಂದು ಕೇಳಿದರು. ನಿನ್ನೆ ಮಧ್ಯಾಹ್ನ ನಾನು ಕೂತು ನೋಡಿದೆ ಎಂದೆ. ಸಾಕ್ಷಿಗೆ ನೀವಿದ್ದದ್ದು ಒಳ್ಳೆಯದಾಯಿತು ಎಂದರು. ಯಾವ ಘಟ್ಟದಲ್ಲಿ ಹೋಯಿತು ಎಂದು ಬೇಕಿತ್ತು ಅವರಿಗೆ, ಕರಪತ್ರಕ್ಕೆ. ಬಾಗಿಲಿನ ಹತ್ತಿರ ಎಂದೆ. ಅವರು ಕಣ್ಣು ಮುಚ್ಚಿ, ಹೊಸಿಲಿನ ಮೇಲಿನ ಅಸ್ಮಿತೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಅತ್ತೆ ಒಬ್ಬ ಹೆಂಗಸಿನ ತೋಳಿನ ಅಳತೆ ತೆಗೆದುಕೊಳ್ಳುತ್ತಿದ್ದಳು. ನೋಡಲು ಎದುರಿಗೆ ಏನೂ ಇಲ್ಲದೆ ಆ ಹೆಂಗಸು ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಶ್ರೀಕಂಠಸ್ವಾಮಿಗಳು ಜಗಲಿಯ ಕೆಳಗೆ ನಿಂತು, ಚಿತ್ರದ ದುರಂತ ಅಂತ್ಯದ ಬಗ್ಗೆ ನಾಯಕಿಯಾಗಿ ತಮ್ಮ ಅಭಿಪ್ರಾಯವೇನು ಎಂದು ಕೇಳಿದರು.

“ಎಂಥ ದುರಂತ ಸ್ವಾಮಿ,” ಎಂದಳು ಅತ್ತೆ ಟೇಪು ಸುತ್ತುತ್ತಾ. “ಅವಳು ಬಾಗಿಲು ತೆಗೆಯಲಿಲ್ಲವಲ್ಲ.”

ಅಧ್ಯಕ್ಷರು ಸದಸ್ಯರ ಮುಖ ನೋಡಿದರು. ಆಗಲೇ ತಲೆದೂಗಲು ಶುರುಮಾಡಿದ್ದ ಒಬ್ಬರು ನಿಲ್ಲಿಸಿದರು. ತೆಗೆಯುತ್ತಾಳೆ ತಾಯಿ, ನಾವೆಲ್ಲರೂ ಕೂತು ನೋಡಿದ್ದೇವಲ್ಲ ಎಂದರು ಅಧ್ಯಕ್ಷರು.

“ಅದು ನಿನ್ನೆ ಬೆಳಿಗ್ಗೆವರೆಗೆ,” ಎಂದಳು ಅತ್ತೆ, ತನ್ನ ದಪ್ಪ ದನಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ. ಆಮೇಲೆ ಹೆಂಗಸಿನ ಕಡೆ ತಿರುಗಿ, ಇನ್ನೊಂದು ತೋಳು ಎತ್ತು ಎಂದಳು.